ಮಗಳು ಡೇಟಾ ಸಂರಕ್ಷಣಾ ಮಂಡಳಿಗೆ ಸೇರಬೇಕಂತೆ, ಅಲ್ಲಿ ಕೆಲಸ ಏನು?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟವಿದೆ. ತೋಟದ ಮನೆಯಲ್ಲೇ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುತ್ತೇವೆ. ಮಗಳು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾಳೆ, ಕೊನೆಯ ವರ್ಷ. ಜನರ ಖಾಸಗಿ ಮಾಹಿತಿ ಕಾಯುವ ಸರ್ಕಾರಿ ಮಂಡಳಿಯಲ್ಲೇ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅಲ್ಲಿ ದಿನವೂ ಮಾಡುವ ಕೆಲಸವೇನು, ಸೇರುವ ದಾರಿ ಯಾವುದು? ಇನ್ನೊಂದು ಮಾತು. ರಜೆಗೆ ಬಂದಾಗ ಅತಿಥಿಗಳ ಆಧಾರ್ ಫೋಟೊಗಳೆಲ್ಲ ನಮ್ಮ ಕೆಲಸದ ಹುಡುಗನ ಮೊಬೈಲಿನಲ್ಲಿರುವುದನ್ನು ಕಂಡು ಜಗಳ ತೆಗೆದಳು. ಇದಕ್ಕೆ ಕೋಟಿಗಟ್ಟಲೆ ದಂಡ ಬೀಳುತ್ತದೆ ಎನ್ನುತ್ತಾಳೆ. ನಿಜವೇ?

ಉತ್ತರ: ಜಗಳದ ವಿಷಯವನ್ನೇ ಮೊದಲು ನೋಡೋಣ. ಮಂಡಳಿಯ ಕೆಲಸ ಏನೆಂಬುದು ಆ ಮೊಬೈಲಿನ ಮೂಲಕವೇ ಚೆನ್ನಾಗಿ ಅರ್ಥವಾಗುತ್ತದೆ.

2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಮಾಹಿತಿಗೆ, ಮತ್ತು ಕಾಗದದಲ್ಲಿ ಪಡೆದು ಆಮೇಲೆ ಡಿಜಿಟಲ್ ಮಾಡಿದ ಮಾಹಿತಿಗೆ. ನಿಮ್ಮ ಮನೆಯ ಮುಂಬಾಗಿಲ ಮೇಜಿನ ಮೇಲಿರುವ ದಪ್ಪ ರಿಜಿಸ್ಟರ್ ಪುಸ್ತಕ ಈ ಕಾಯ್ದೆಗೆ ಸೇರುವುದಿಲ್ಲ. ಅದೇ ಪುಟವನ್ನು ಮೊಬೈಲಿನಲ್ಲಿ ಫೋಟೊ ಹೊಡೆದರೆ ಸೇರುತ್ತದೆ. ಮನೆಮಂದಿಯ ಸ್ವಂತ ಬಳಕೆಗೆ ವಿನಾಯಿತಿ ಇದೆ, ಆದರೆ ಹೋಮ್‌ಸ್ಟೇ ವ್ಯವಹಾರವಾದ್ದರಿಂದ ಆ ವಿನಾಯಿತಿ ನಿಮಗೆ ಸಿಗದು.

ದಂಡದ ಮಾತಿಗೆ ಬಂದರೆ, ಕಾಯ್ದೆಯ ಪಟ್ಟಿಯಲ್ಲಿ ದೊಡ್ಡ ಮೊತ್ತಗಳಿರುವುದು ನಿಜ. ಭದ್ರತೆಯ ಏರ್ಪಾಡು ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯಾದದ್ದನ್ನು ತಿಳಿಸದಿದ್ದರೆ 200 ಕೋಟಿವರೆಗೆ, ಬೇರೆ ಸಾಮಾನ್ಯ ಉಲ್ಲಂಘನೆಗೆ 50 ಕೋಟಿವರೆಗೆ. ಇವು ಗರಿಷ್ಠ ಮಿತಿಗಳು. ಎಷ್ಟು ಹಾಕಬೇಕೆಂದು ತೂಗುವಾಗ ಮಂಡಳಿ ನೋಡಬೇಕಾದ ಅಂಶಗಳನ್ನು ಸೆಕ್ಷನ್ 33 ಹೇಳುತ್ತದೆ: ತಪ್ಪು ಎಷ್ಟು ಗಂಭೀರ, ಎಷ್ಟು ಕಾಲ ನಡೆಯಿತು, ಯಾವ ಬಗೆಯ ಮಾಹಿತಿ, ಮತ್ತೆ ಮತ್ತೆ ಆಗಿದೆಯೇ, ಅದರಿಂದ ಲಾಭವಾಯಿತೇ, ಗೊತ್ತಾದ ಮೇಲೆ ಸರಿಪಡಿಸಲು ಏನು ಮಾಡಿದರು, ದಂಡ ಹಾಕಿದರೆ ಅವರ ಗತಿ ಏನಾಗುತ್ತದೆ. ನಾಲ್ಕು ಕೋಣೆಯ ಹೋಮ್‌ಸ್ಟೇಗೆ 250 ಕೋಟಿ ಬೀಳುತ್ತದೆ ಎಂಬ ಭಯ ಬೇಡ. ಆದರೆ ಆ ಫೋಟೊಗಳು ಅಲ್ಲಿರುವುದು ತಪ್ಪು ಎಂಬ ಮಗಳ ಮಾತು ಸರಿ.

ಏಕೆ ತಪ್ಪು? ಗುರುತಿನ ಚೀಟಿ ನೋಡುವುದು ಬೇರೆ, ಅದರ ನಕಲನ್ನು ಇಟ್ಟುಕೊಳ್ಳುವುದು ಬೇರೆ. ಬಂದವರು ಯಾರೆಂದು ಖಚಿತಪಡಿಸಿಕೊಳ್ಳುವುದು, ಪೊಲೀಸರು ಕೇಳಿದಾಗ ಹೇಳಲು ದಾಖಲೆ ಇಡುವುದು ನಿಮ್ಮ ಉದ್ದೇಶ. ಅದಕ್ಕೆ ಚೀಟಿ ನೋಡಿ, ಹೆಸರು, ಊರು, ಫೋನ್, ಎಷ್ಟು ಜನ, ಗಾಡಿ ನಂಬರ್, ಬಂದ ಹೊತ್ತು, ಹೋದ ಹೊತ್ತು, ನೋಡಿದ ಚೀಟಿ ಯಾವುದು, ಅದರ ಕೊನೆಯ ನಾಲ್ಕು ಅಂಕಿ, ಇಷ್ಟನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿದರೆ ಸಾಕಾಗುತ್ತದೆ. ನಕಲು ಬೇಕೇ ಬೇಕು ಎಂದು ಠಾಣೆಯವರೋ ಇಲಾಖೆಯವರೋ ಹೇಳಿದರೆ, ಆ ಸೂಚನೆಯನ್ನು ಬರಹದಲ್ಲಿ ಪಡೆದಿಟ್ಟುಕೊಂಡು, ಮೊದಲ ಎಂಟು ಅಂಕಿ ಮುಚ್ಚಿದ ಆಧಾರನ್ನೇ ಪಡೆಯಿರಿ. ಮೈಆಧಾರ್ ತಾಣದಲ್ಲಿ ಅದನ್ನು ಇಳಿಸಿಕೊಳ್ಳುವ ಆಯ್ಕೆ ಇದೆ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರದವರು ಆಧಾರ್ ನಕಲು ಸಂಗ್ರಹಿಸುವಂತಿಲ್ಲ ಎಂದು ಪ್ರಕಟಣೆ ಕೊಟ್ಟಿತ್ತು. ಜನ ತಪ್ಪಾಗಿ ಅರ್ಥಮಾಡಿಕೊಳ್ಳಬಹುದೆಂದು ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಗೊಂದಲ ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಸ್ಪೇನಿನ ಖಾಸಗಿತನ ನಿಯಂತ್ರಕರು ಮಾತ್ರ ಈ ವಿಷಯದಲ್ಲಿ ಗಟ್ಟಿಯಾಗಿ ನಿಂತಿದ್ದಾರೆ: ಹೋಟೆಲಿನವರು ವಿವರ ಬರೆದುಕೊಳ್ಳಬಹುದು, ಪಾಸ್‌ಪೋರ್ಟು ಅಥವಾ ಗುರುತಿನ ಚೀಟಿಯ ನಕಲು ಕೇಳುವಂತಿಲ್ಲ.

ವಿದೇಶಿ ಅತಿಥಿ ಬಂದರೆ ಲೆಕ್ಕ ಬೇರೆ. ಎಲ್ಲರೂ ಸಿ ಫಾರಂ ಎಂದೇ ಕರೆಯುವ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸುವುದು ಕಾನೂನಿನ ಕಟ್ಟುಪಾಡು. ಅಲ್ಲಿ ಅತಿಥಿಯ ಒಪ್ಪಿಗೆಯ ಪ್ರಶ್ನೆ ಏಳುವುದಿಲ್ಲ.

ಇನ್ನು ಆ ಹುಡುಗನ ಮೊಬೈಲು. ಫೋಟೊ ಒಂದೇ ಕಡೆ ಇರುತ್ತದೆ ಎಂದುಕೊಳ್ಳಬೇಡಿ. ಕ್ಯಾಮೆರಾದಲ್ಲಿ ತೆಗೆದದ್ದು ಗ್ಯಾಲರಿಯಲ್ಲಿದೆ. ಬ್ಯಾಕಪ್ ಆನ್ ಆಗಿದ್ದರೆ ಗೂಗಲ್ ಫೋಟೋಸಿನಲ್ಲಿದೆ, ಅಲ್ಲಿ ಅಳಿಸಿದರೂ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಿದ್ದರೆ ನಿಮ್ಮ ಫೋನಿನಲ್ಲಿ, ಮನೆಯವರ ಫೋನಿನಲ್ಲಿ, ಅಡುಗೆಯವರ ಫೋನಿನಲ್ಲಿ, ಕಳೆದ ವರ್ಷ ಕೆಲಸ ಬಿಟ್ಟು ಹೋದವರು ಗುಂಪಿನಲ್ಲೇ ಇದ್ದರೆ ಅವರ ಫೋನಿನಲ್ಲೂ ಇದೆ. ಎಲ್ಲರಿಗೂ ಅಳಿಸುವ ಆಯ್ಕೆ ಎರಡು ದಿನದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ಒಂದೊಂದೇ ಫೋನು ಹಿಡಿದು ಅಳಿಸುವುದೊಂದೇ ದಾರಿ. ಆ ಹುಡುಗ ಫೋನು ಮಾರಿದರೆ, ಕಳೆದುಕೊಂಡರೆ, ಹೊಣೆ ಅವನದಲ್ಲ, ನಿಮ್ಮದು.

ಇದರಲ್ಲೊಂದು ಸೂಕ್ಷ್ಮವಿದೆ, ಅನೇಕರ ಕಣ್ಣಿಗೆ ಬಿದ್ದಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರ್ ಮಧ್ಯದಲ್ಲಿ ಹೊರಬಂದವು. ಡಿಜಿಟಲ್ ಮಾಹಿತಿ ಪಡೆದವರು ಅದನ್ನೂ ಅದರ ಲಾಗ್‌ಗಳನ್ನೂ (ಯಾರು ಯಾವಾಗ ಬಳಸಿದರೆಂಬ ದಾಖಲೆಗಳನ್ನೂ) ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಬೇಕು ಎಂಬ ಮಾತು ಅವುಗಳಲ್ಲಿದೆ. ಅಂದರೆ ಆ ನಿಯಮ ಜಾರಿಯಾದ ಮೇಲೆ ಫೋಟೊ ಹೊಡೆದು ಮರುದಿನ ಅಳಿಸಿದೆವು ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಒಂದು ವರ್ಷ ಜೋಪಾನವಾಗಿ ಕಾಯುವ ಹೊರೆ ಮೈಮೇಲೆ ಬೀಳುತ್ತದೆ. ಹೊಡೆಯದೇ ಇದ್ದರೆ ಹೊರೆಯೂ ಇಲ್ಲ. ಈಗ ಇರುವ ಹಳೆಯ ಫೋಟೊಗಳನ್ನು ಇಂದೇ ತೆಗೆದುಹಾಕಿ. ಯಾವುದಾದರೂ ಪೊಲೀಸ್ ತನಿಖೆಗೆ ಸಂಬಂಧಿಸಿದ್ದಿದ್ದರೆ ಅದೊಂದನ್ನು ಮಾತ್ರ ಮುಟ್ಟಬೇಡಿ.

ಈಗ ಮಂಡಳಿಯ ಮೇಜಿಗೆ ಬರೋಣ. ನಿಮ್ಮಲ್ಲಿ ತಂಗಿದ್ದ ಬೆಂಗಳೂರಿನ ಒಬ್ಬ ಮಹಿಳೆಯ ಆಧಾರ್ ಫೋಟೊ ಆ ಗುಂಪಿನಿಂದ ಹೊರಗೆ ಹೋಯಿತು ಎಂದಿಟ್ಟುಕೊಳ್ಳಿ. ಆಕೆಗೆ ಸಾಲದ ಆ್ಯಪಿನವರ ಕರೆಗಳು ಶುರುವಾದವು, ನಿಮ್ಮ ಮೇಲೆ ಸಂಶಯ ಬಂತು. ಆಕೆ ನೇರವಾಗಿ ಮಂಡಳಿಗೆ ಹೋಗುವಂತಿಲ್ಲ. ಮೊದಲು ನಿಮಗೇ ದೂರು ಕೊಡಬೇಕು, ನೀವು ಹೆಚ್ಚೆಂದರೆ 90 ದಿನದೊಳಗೆ ಉತ್ತರಿಸಬೇಕು. ಉತ್ತರ ಬಾರದಿದ್ದರೆ, ಬಂದರೂ ತೃಪ್ತಿಯಾಗದಿದ್ದರೆ, ಮಂಡಳಿಗೆ ಆನ್‌ಲೈನಿನಲ್ಲಿ ದೂರು. ಈ ಮಂಡಳಿಯನ್ನು ಡಿಜಿಟಲ್ ಕಚೇರಿಯಾಗಿಯೇ ರೂಪಿಸಲಾಗಿದೆ. ದೂರು, ನೋಟಿಸು, ವಿಚಾರಣೆ, ಆದೇಶ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯಬೇಕೆಂಬುದು ಆಶಯ. ವಿರಾಜಪೇಟೆಯಿಂದ ದೆಹಲಿಗೆ ಓಡುವ ಕೆಲಸ ಯಾರಿಗೂ ಬರಬಾರದು.

ದೂರು ಬಂದ ಕೂಡಲೇ ಅಧಿಕಾರಿ ಕೇಳುವ ಮೊದಲ ಪ್ರಶ್ನೆ, ಮುಂದುವರಿಯಲು ಸಾಕಷ್ಟು ಆಧಾರವಿದೆಯೇ ಎಂಬುದು. ಇಲ್ಲದಿದ್ದರೆ ಕಾರಣ ಬರೆದು ಮುಚ್ಚಬೇಕು. ಈ ಹಂತದಲ್ಲಿ ಕಡತ ಬಿದ್ದುಹೋಗಲು ಕಾರಣಗಳು ತೀರಾ ಸಾಮಾನ್ಯವಾದವು. ಮೊದಲು ನಿಮಗೆ ದೂರು ಕೊಟ್ಟಿದ್ದಕ್ಕೆ ಪುರಾವೆ ಇರುವುದಿಲ್ಲ, ಫೋನಿನಲ್ಲಿ ಹೇಳಿದೆ ಅನ್ನುತ್ತಾರೆ. ಸ್ಕ್ರೀನ್‌ಶಾಟಿನಲ್ಲಿ ತಾರೀಖು, ಕಳುಹಿಸಿದವರ ನಂಬರು ಇರುವುದಿಲ್ಲ. ಸೋರಿಕೆ ಇಲ್ಲಿಂದಲೇ ಆಯಿತು ಎಂದು ಜೋಡಿಸುವ ಕೊಂಡಿ ಸಿಗುವುದಿಲ್ಲ, ಅದೇ ಆಧಾರನ್ನು ಆಕೆ ಆ ವರ್ಷ ಸಿಮ್ ಅಂಗಡಿಗೂ ಬಾಡಿಗೆ ಮನೆಗೂ ಕೊಟ್ಟಿರುತ್ತಾರೆ. ಕೊನೆಯ ಕಾರಣವೇ ಹೆಚ್ಚು ಕಷ್ಟದ್ದು.

ಆಧಾರವಿದೆ ಎಂದಾದರೆ ವಿಚಾರಣೆ. ಸಿವಿಲ್ ನ್ಯಾಯಾಲಯದ ಹಾಗೆ ಸಮನ್ಸ್ ಕೊಡುವ, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ, ದಾಖಲೆ ತರಿಸುವ ಅಧಿಕಾರ ಮಂಡಳಿಗಿದೆ. ಆದರೆ ನಿಮ್ಮ ದಿನದ ವ್ಯವಹಾರ ನಿಂತುಹೋಗುವಂತೆ ಕಂಪ್ಯೂಟರು ಹೊತ್ತೊಯ್ಯುವ, ಬಾಗಿಲು ಮುಚ್ಚಿಸುವ ಅಧಿಕಾರ ಇಲ್ಲ. ನಿಮಗೆ ಬರುವ ಪ್ರಶ್ನೆಗಳು ಹೀಗಿರುತ್ತವೆ: ಯಾವ ಕೆಲಸಕ್ಕೆ ಫೋಟೊ ತೆಗೆದಿರಿ? ಅತಿಥಿಗೆ ಏನು ಹೇಳಿದ್ದಿರಿ, ಯಾವ ಭಾಷೆಯಲ್ಲಿ? ಎಷ್ಟು ಫೋನುಗಳಲ್ಲಿತ್ತು? ಆ ಗುಂಪಿನಲ್ಲಿ ಅಂದು ಯಾರು ಯಾರಿದ್ದರು? ಸೋರಿದ್ದು ಗೊತ್ತಾದದ್ದು ಯಾವಾಗ? ಗೊತ್ತಾದ ಮೇಲೆ ಆಕೆಗೂ ಮಂಡಳಿಗೂ ತಡವಿಲ್ಲದೆ ತಿಳಿಸಿದಿರಾ, 72 ಗಂಟೆಯೊಳಗೆ ಪೂರ್ಣ ವಿವರ ಕೊಟ್ಟಿರಾ? ಇದು ಸಣ್ಣ ಹೋಮ್‌ಸ್ಟೇ ಇರಲಿ, ದೊಡ್ಡ ಬ್ಯಾಂಕಿರಲಿ, ಪ್ರಶ್ನೆಗಳ ಸಾಲು ಇದೇ. ಖಾಸಗಿತನದ ನಿಯಂತ್ರಕರ ಕಸುಬೆಂದರೆ ಒಂದು ಮಾಹಿತಿ ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು, ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ನಿಲ್ಲಲಿಲ್ಲ ಎಂದು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ಗುರುತಿಸಿ, ಅದನ್ನು ಮೇಲ್ಮನವಿಯಲ್ಲೂ ನಿಲ್ಲುವ ಆದೇಶವಾಗಿ ಬರೆಯುವುದು.

ವಿಚಾರಣೆ ಮುಗಿಸಲು ನಿಯಮ ಕೊಟ್ಟಿರುವ ಗಡುವು ಆರು ತಿಂಗಳು, ಕಾರಣ ಬರೆದು ಒಂದೊಂದು ಸಲಕ್ಕೆ ಮೂರು ತಿಂಗಳವರೆಗೆ ಬೆಳೆಸಬಹುದು. ನಡುವೆ ಮಧ್ಯಸ್ಥಿಕೆಗೆ ಕಳಿಸಬಹುದು. ನೀವೇ ಮುಂದೆ ಬಂದು ಇಂತಿಂಥದ್ದನ್ನು ಇಷ್ಟು ದಿನದೊಳಗೆ ಸರಿಪಡಿಸುತ್ತೇನೆಂದು ಬರೆದುಕೊಟ್ಟರೆ ಮಂಡಳಿ ಒಪ್ಪಬಹುದು. ಬರೆದುಕೊಟ್ಟದ್ದನ್ನು ಮುರಿದರೆ ಮಾತ್ರ ಆ ದಂಡ ಮತ್ತೆ ತಲೆಯೆತ್ತುತ್ತದೆ. ಆದೇಶ ಒಪ್ಪದವರು 60 ದಿನದೊಳಗೆ ದೆಹಲಿಯ ದೂರಸಂಪರ್ಕ ವಿವಾದಗಳ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಟಿಡಿಸ್ಯಾಟ್‌ಗೆ, ಹೋಗಬೇಕು.

ಆ ಬೆಂಗಳೂರಿನ ಮಹಿಳೆಗೆ ಸಿಗುವುದೇನು? ಹಣವಂತೂ ಅಲ್ಲ. ದಂಡವೆಲ್ಲ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಎಂಬ ಸೆಕ್ಷನ್ ಪರಿಹಾರ ಕೇಳಲು ಒಂದು ದಾರಿಯಾಗಿತ್ತು, ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ನೊಂದವರ ಕೈಗೆ ಏನೂ ಬಾರದ ಈ ವ್ಯವಸ್ಥೆ ನನಗೆ ಸರಿ ಕಾಣುವುದಿಲ್ಲ, ಮುಂದೆ ಇದು ತಿದ್ದುಪಡಿಯಾಗಲೇಬೇಕು. ಇನ್ನೊಂದು ಕೊರತೆ: ಪತ್ರಿಕೆಯಲ್ಲಿ ಓದಿದೆ, ಬನ್ನಿ ವಿಚಾರಿಸೋಣ ಎಂದು ಮಂಡಳಿ ತಾನಾಗಿ ಕೈಹಾಕಲು ಸೆಕ್ಷನ್ 27ರಲ್ಲಿ ಎಡೆಯಿಲ್ಲ. ಸೋರಿಕೆಯ ವರದಿ, ನೊಂದವರ ದೂರು, ಸರ್ಕಾರದ ಸೂಚನೆ, ನ್ಯಾಯಾಲಯದ ನಿರ್ದೇಶನ, ಇವುಗಳಲ್ಲಿ ಒಂದು ಬೇಕು.

ದೂರು ಕೊಡುವ ಹಕ್ಕು, ವಿಚಾರಣೆ, ದಂಡ ಇವೆಲ್ಲ ನಿಯಮ ಬಂದ 18 ತಿಂಗಳಿಗೆ, ಅಂದರೆ 2027ರ ಮೇ ಮಧ್ಯಕ್ಕೆ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಮಂಡಳಿಯನ್ನು ಕಟ್ಟುವ ಸೆಕ್ಷನ್‌ಗಳು ಮಾತ್ರ 2025ರ ನವೆಂಬರಿನಲ್ಲೇ ಜಾರಿಯಾಗಿವೆ.

ಈಗ ಮಗಳ ದಾರಿ. ಮಂಡಳಿಯ ಪ್ರಧಾನ ಕಚೇರಿ ರಾಷ್ಟ್ರ ರಾಜಧಾನಿ ವಲಯದಲ್ಲಿ. ಸದಸ್ಯರ ಸಂಖ್ಯೆಯನ್ನು ನಾಲ್ಕು ಎಂದು ಅಧಿಸೂಚಿಸಲಾಗಿದೆ. ದತ್ತಾಂಶ ಆಡಳಿತ, ಗ್ರಾಹಕ ರಕ್ಷಣೆ, ವಿವಾದ ಇತ್ಯರ್ಥ, ಮಾಹಿತಿ ತಂತ್ರಜ್ಞಾನ, ಕಾನೂನು ಇಂಥ ಕ್ಷೇತ್ರಗಳಲ್ಲಿ ಪಳಗಿದವರನ್ನು ನೇಮಿಸಬೇಕು, ಒಬ್ಬರಾದರೂ ಕಾನೂನು ತಜ್ಞರಿರಬೇಕು. ಅಧ್ಯಕ್ಷರನ್ನು ಶೋಧಿಸುವ ಸಮಿತಿಯ ಮುಖ್ಯಸ್ಥರು ಸಂಪುಟ ಕಾರ್ಯದರ್ಶಿ. ಅಧ್ಯಕ್ಷರಿಗೆ ತಿಂಗಳಿಗೆ 4.5 ಲಕ್ಷ, ಸದಸ್ಯರಿಗೆ 4 ಲಕ್ಷ ರೂಪಾಯಿ, ಮನೆ ಕಾರು ಇಲ್ಲ. ಅವಧಿ ಎರಡೇ ವರ್ಷ, ಮರುನೇಮಕವಾಗಬಹುದು. ಹುದ್ದೆ ಬಿಟ್ಟ ಮೇಲೆ ಒಂದು ವರ್ಷ ಕೇಂದ್ರದ ಅನುಮತಿಯಿಲ್ಲದೆ ಬೇರೆ ಉದ್ಯೋಗಕ್ಕೆ ಸೇರುವಂತಿಲ್ಲ. ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು ನಿಯಂತ್ರಕರಿಗೆ ಕನಿಷ್ಠ ನಾಲ್ಕು ವರ್ಷದ ಅವಧಿ ಕೊಡುತ್ತದೆ. ಮರುನೇಮಕ ಮಾಡುವವರ ಇಲಾಖೆಯ ಮೇಲೆಯೇ ನಾಳೆ ಆದೇಶ ಬರೆಯಬೇಕಾದಾಗ ಎರಡು ವರ್ಷದ ಅವಧಿ ಕೈಯನ್ನು ಹಿಡಿದೆಳೆಯುತ್ತದೆ. ಈ ಕೆಲಸಕ್ಕೆ ಹೋಗುವವರು ಅದನ್ನು ತಿಳಿದೇ ಹೋಗಬೇಕು.

ಇದು ಬಹಳ ವರ್ಷಗಳ ಅನುಭವವಾದ ನಂತರದ ಮಾತು. ಹೊಸದಾಗಿ ಕಾನೂನು ಮುಗಿಸಿದವರಿಗೆ ಮಂಡಳಿಯಲ್ಲಿ ನೇರ ಪರೀಕ್ಷೆ ಬರೆದು ಸೇರುವ ಬಾಗಿಲನ್ನು ನಿಯಮಗಳು ತೆರೆದಿಲ್ಲ. ಅಧಿಕಾರಿ ಸಿಬ್ಬಂದಿಯನ್ನು ಕೇಂದ್ರ, ರಾಜ್ಯ ಸರ್ಕಾರ, ಶಾಸನಬದ್ಧ ಸಂಸ್ಥೆ, ಸಾರ್ವಜನಿಕ ಉದ್ಯಮಗಳಿಂದ ಹೆಚ್ಚೆಂದರೆ ಐದು ವರ್ಷದ ನಿಯೋಜನೆಯ ಮೇಲೆ ತರಿಸಿಕೊಳ್ಳುತ್ತಾರೆ, ಇಲ್ಲವೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಸ್ಮಾರ್ಟ್ ಗವರ್ನಮೆಂಟ್ ಮೂಲಕ ಪಡೆಯುತ್ತಾರೆ. ಹಾಗಾಗಿ ಮೊದಲು ಸರ್ಕಾರಿ ಸೇವೆಗೋ ಶಾಸನಬದ್ಧ ಸಂಸ್ಥೆಗೋ ಕಾಲಿಡುವುದು ಒಂದು ದಾರಿ. ಟಿಡಿಸ್ಯಾಟ್ ಮುಂದೆ ವಾದಿಸುವ ವಕೀಲಿಕೆ ಇನ್ನೊಂದು. ಮೂರನೆಯದು ಕಂಪನಿಯ ಒಳಗಿನ ದಾರಿ: ಸರ್ಕಾರ ಪ್ರಮುಖ ಎಂದು ಗುರುತಿಸುವ ದೊಡ್ಡ ಸಂಸ್ಥೆಗಳು ಭಾರತದಲ್ಲೇ ಇರುವ ಡೇಟಾ ಸಂರಕ್ಷಣಾ ಅಧಿಕಾರಿಯನ್ನು ನೇಮಿಸಬೇಕು, ವರ್ಷಕ್ಕೊಮ್ಮೆ ಮಾಹಿತಿ ಬಳಕೆಯ ಪರಿಣಾಮ ಪರಿಶೀಲನೆ, ಆಡಿಟ್ ಮಾಡಿಸಬೇಕು. ಹುದ್ದೆಗಳು ಹೆಚ್ಚು ಹುಟ್ಟುವುದು ಇಲ್ಲೇ. ನಿಯಂತ್ರಕರ ಕೆಲಸಕ್ಕೆ ಇದು ಒಳ್ಳೆಯ ಪಳಗಿಕೆಯೂ ಹೌದು, ಏಕೆಂದರೆ ಸಂಸ್ಥೆಗಳು ಎಲ್ಲಿ ಬಚ್ಚಿಡುತ್ತವೆ ಎಂದು ಒಳಗಿದ್ದವರಿಗೆ ಗೊತ್ತು. ಖಾಸಗಿತನ ವೃತ್ತಿಪರರ ಅಂತರರಾಷ್ಟ್ರೀಯ ಸಂಘ ಐಎಪಿಪಿ, ಭಾರತದ ಡೇಟಾ ಭದ್ರತಾ ಸಂಸ್ಥೆ ಡಿಎಸ್‌ಸಿಐ ಕೊಡುವ ಪ್ರಮಾಣಪತ್ರಗಳು ಸಂದರ್ಶನಕ್ಕೆ ಕರೆ ಬರಲು ನೆರವಾಗುತ್ತವೆ. ಅದಕ್ಕಿಂತ ಹೆಚ್ಚಿನ ಬೆಲೆ ಅವಕ್ಕಿಲ್ಲ.

ಏನು ಕಲಿಯಬೇಕು? ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ ತೀರ್ಪನ್ನು ಪೂರ್ತಿ ಓದಲಿ. ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಆಮೇಲೆ ವಿದೇಶದ ನಿಯಂತ್ರಕರ ಆದೇಶಗಳನ್ನು ಓದಲಿ. ಹೋಮ್‌ಸ್ಟೇ ಮನೆಯಿಂದ ಬಂದವಳಿಗೆ ಬ್ರಿಟನ್ನಿನ ಮಾಹಿತಿ ಆಯುಕ್ತರು 2020ರ ಅಕ್ಟೋಬರಿನಲ್ಲಿ ಮ್ಯಾರಿಯಟ್ ಹೋಟೆಲಿನ ಮೇಲೆ ಬರೆದ ದಂಡದ ಆದೇಶಕ್ಕಿಂತ ಒಳ್ಳೆಯ ಪಾಠವಿಲ್ಲ. ಸ್ಟಾರ್‌ವುಡ್ ಹೋಟೆಲುಗಳ ಬುಕಿಂಗ್ ವ್ಯವಸ್ಥೆಗೆ 2014ರಲ್ಲೇ ಕಳ್ಳರು ಹೊಕ್ಕಿದ್ದರು. 2016ರಲ್ಲಿ ಮ್ಯಾರಿಯಟ್ ಆ ಸಂಸ್ಥೆಯನ್ನು ಕೊಂಡಿತು. 2018ರ ಸೆಪ್ಟೆಂಬರಿನವರೆಗೆ ಯಾರಿಗೂ ಸುಳಿವಿರಲಿಲ್ಲ. ಜಗತ್ತಿನಾದ್ಯಂತ ಸುಮಾರು 33.9 ಕೋಟಿ ಅತಿಥಿ ದಾಖಲೆಗಳು, ಅವುಗಳಲ್ಲಿ ಗೂಢಲಿಪಿಯಲ್ಲಿರದ ಪಾಸ್‌ಪೋರ್ಟ್ ಸಂಖ್ಯೆಗಳೂ ಇದ್ದವು. ಆದರೆ ಜಿಡಿಪಿಆರ್ ಜಾರಿಯಾದದ್ದು 2018ರ ಮೇ 25ಕ್ಕೆ. ಹಾಗಾಗಿ ನಾಲ್ಕು ವರ್ಷದ ಆ ಸೋರಿಕೆಯಲ್ಲಿ ದಂಡದ ಲೆಕ್ಕಕ್ಕೆ ಬಂದದ್ದು ಕೊನೆಯ ಸುಮಾರು ನಾಲ್ಕು ತಿಂಗಳು ಮಾತ್ರ. ಮೊದಲು ಹಾಕುತ್ತೇವೆಂದಿದ್ದ 9.9 ಕೋಟಿ ಪೌಂಡಿನ ದಂಡ, ಸಂಸ್ಥೆಯ ವಾದ, ಅದು ಕೈಗೊಂಡ ಪರಿಹಾರ ಕ್ರಮ, ಕೋವಿಡ್ ಹೊಡೆತ ಎಲ್ಲವನ್ನೂ ತೂಗಿದ ಮೇಲೆ 1.84 ಕೋಟಿ ಪೌಂಡಿಗೆ ಇಳಿಯಿತು. ಒಂದೊಂದು ಇಳಿಕೆಗೂ ಆದೇಶದಲ್ಲಿ ಕಾರಣವಿದೆ. ಆ ಕಾರಣಗಳನ್ನು ನಮ್ಮ ಸೆಕ್ಷನ್ 33ರ ಪಕ್ಕದಲ್ಲಿಟ್ಟು ಓದಿದರೆ ಕಸುಬು ಕೈಗೆ ಹತ್ತುತ್ತದೆ.

ತಂತ್ರಜ್ಞಾನಕ್ಕೆ ಹೆದರಬೇಕಿಲ್ಲ, ಆದರೆ ಸರ್ವರ್ ಲಾಗಿನ ಒಂದು ಸಾಲನ್ನು ಓದಿ ಯಾರು, ಎಲ್ಲಿಂದ, ಎಷ್ಟು ಗಂಟೆಗೆ ಒಳಬಂದರು ಎಂದು ಹೇಳಲು ಬರಬೇಕು. ಅದು ಬಾರದ ವಕೀಲರು ಕಂಪನಿಯ ಎಂಜಿನಿಯರು ಹೇಳಿದ್ದನ್ನೇ ನಂಬಿಕೊಂಡು ಕೂರಬೇಕಾಗುತ್ತದೆ. ಕನ್ನಡದಲ್ಲಿ ಕಾನೂನು ಬರೆಯುವ ಅಭ್ಯಾಸವೂ ಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತಮಗೆ ಬೇಕಾದುದರಲ್ಲಿ ಓದುವ ಅವಕಾಶ ಜನರಿಗೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಕೊಡವ ತಕ್ಕ್, ಅರೆಭಾಷೆ, ತುಳು ಇಲ್ಲ.

ಮಡಿಕೇರಿಯಲ್ಲೇ ಈ ಕೆಲಸದ ಒಂದು ರೂಪ ನಡೆಯುತ್ತಿದೆ ಎಂಬುದನ್ನು ಅವಳಿಗೆ ಹೇಳಿ. ಮಾಹಿತಿ ಹಕ್ಕಿನ ಅರ್ಜಿ ಬಂದಾಗ ಇನ್ನೊಬ್ಬರ ಖಾಸಗಿ ವಿವರ ಕೊಡಬೇಕೋ ಬೇಡವೋ ಎಂದು ಪ್ರತಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿ ತೀರ್ಮಾನಿಸಬೇಕು. 2025ರ ನವೆಂಬರಿನಿಂದ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಬದಲಾಗಿದೆ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ನಿರಾಕರಿಸಬಹುದು. ಆದರೆ ಸಾರ್ವಜನಿಕ ಹಿತ ಹೆಚ್ಚು ತೂಗಿದರೆ ಕೊಡಬಹುದು ಎನ್ನುವ ಸೆಕ್ಷನ್ 8(2) ಹಾಗೆಯೇ ಇದೆ. ಅದನ್ನು ಮರೆತು ಬರೆದ ನಿರಾಕರಣೆಗಳ ಮೇಲೆ ಮೇಲ್ಮನವಿ ಬರೆಯುವುದು ಹೊಸ ವಕೀಲರಿಗೆ ಸಿಗಬಹುದಾದ ನಿಜವಾದ ತರಬೇತಿ.

ಕೊನೆಗೆ ನಿಮ್ಮ ತೋಟದ ಮಾತು. ಲೈನ್‌ಮನೆಯಲ್ಲಿರುವ ಕೆಲಸಗಾರರ ಆಧಾರ್ ಫೋಟೊಗಳು ತೋಟದ ಲೆಕ್ಕ ಬರೆಯುವ ರೈಟರ ಮೊಬೈಲಿನಲ್ಲಿರುತ್ತವೆ. ಉದ್ಯೋಗದ ಕಾರಣಕ್ಕೆ ಮಾಹಿತಿ ಬಳಸಲು ಡೇಟಾ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 7 ಒಪ್ಪಿಗೆಯಿಲ್ಲದೆಯೂ ಅವಕಾಶ ಕೊಡುತ್ತದೆ, ಜೋಪಾನ ಮಾಡುವ ಹೊಣೆಯಿಂದ ಮಾತ್ರ ಬಿಡುಗಡೆ ಕೊಡುವುದಿಲ್ಲ. ಅತಿಥಿಗಳಾದರೆ ಪ್ರಶ್ನೆ ಕೇಳುತ್ತಾರೆ. ಅಸ್ಸಾಮಿನಿಂದ ಕೊಯ್ಲಿಗೆ ಬಂದವರು ಕೇಳುವುದಿಲ್ಲ. ಹಾಗಾಗಿ ರೈಟರ ಫೋನನ್ನು ಮೊದಲು ನೋಡಿ, ಹುಡುಗನದನ್ನು ಆಮೇಲೆ. ಸಂಬಳ, ಪಿಎಫ್‌ಗೆ ಬೇಕಾದದ್ದನ್ನು ಪಾಸ್‌ವರ್ಡ್ ಇರುವ ಒಂದೇ ಕಂಪ್ಯೂಟರಿಗೆ ಸೇರಿಸಿ, ಉಳಿದದ್ದನ್ನು ಅಳಿಸಿಸಿ. ಪೊಲೀಸರು ಪಟ್ಟಿ ಕೇಳಿದರೆ ಕೊಡಿ, ಯಾವ ಠಾಣೆ, ಯಾವ ದಿನ, ಏನು ಕೊಟ್ಟಿರಿ ಎಂದು ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಈ ಬೇಸಿಗೆ ರಜೆಯಲ್ಲಿ ಆ ಕೆಲಸವನ್ನು ಮಗಳ ಕೈಗೇ ಕೊಡಿ.